ಧೀರವನಿತೆಯರ ಸಂಮಾನವೂ ಸಮಗ್ರಪಾಠವೂ: ಬೆಂಗಳೂರು ನಾಗರತ್ನಮ್ಮನವರ ಒಂದು ಗ್ರಂಥಸಂಪಾದನೆ

೧

ಸ್ತ್ರೀಯರಿಗೆ ನ್ಯಾಯವಾಗಿ ಸಲ್ಲತಕ್ಕ ಅಧಿಕಾರಗಳಿಗಾಗಿ ಧೈರ್ಯದಿಂದ ಹೋರಾಡಿದ ಮಹಿಳೆಯರನ್ನು ಸಂಮಾನಿಸಬೇಕೆಂಬಲ್ಲಿ ಇಂದು ವಿವಾದವಿಲ್ಲ. ವಿವಾದವಿರಬೇಕಾದುದು ಸಂಮಾನವೆಂದರೇನೆಂಬ ಪ್ರಶ್ನೆಯಲ್ಲಿ. ಸಭೆ ಸೇರಿಸಿ, ಶಾಲು ಹೊದಿಸಿ, ಫಲತಾಂಬೂಲಗಳನ್ನಿತ್ತು ಕಳುಹುವುದೂ ಸಂಮಾನವೆನಿಸುತ್ತದೆ. ಅವರು ಯಾವ ಮಾತನ್ನಾಡಿ ಕಷ್ಟಕ್ಕೆ ಗುರಿಯಾದರೋ ಆ ಮಾತನ್ನು ಕಿವಿಗೊಟ್ಟು ಕೇಳುವುದೂ ಸಂಮಾನವೆನಿಸುತ್ತದೆ. ಇವೆರಡೂ ಒಂದೇ ಅಲ್ಲ. ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಡುವುದು ಸುಲಭವಾದುದರಿಂದ ಲೋಕದಲ್ಲಿ ಅದೇ ಹೆಚ್ಚಾಗಿ ಕಂಡುಬರುತ್ತದೆ.

ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ನಾರೀಪೂಜೆಯನ್ನು ಕುರಿತು ಬಂದಿರುವ ಶ್ಲೋಕವು ಇಂತಹ ಸಭೆಗಳಲ್ಲಿ ತಪ್ಪದೆ ಪಠಿತವಾಗುತ್ತದೆ. ಪಠಿಸುವವರು ಪ್ರಕರಣವನ್ನು ಮುಂದಕ್ಕೆ ನೋಡುವುದು ಮಾತ್ರ ವಿರಳ. ಆ ಪೂಜೆಯ ಸಾಧನಗಳಾವುವೆಂಬುದನ್ನು ಸ್ಮೃತಿಕಾರನು ಅಲ್ಲಿಂದ ಮೂರು ಶ್ಲೋಕಗಳಾಚೆ ತಾನೇ ಹೇಳಿದ್ದಾನೆ: ಭೂಷಣ, ಆಚ್ಛಾದನ, ಅಶನ. ಎಂದರೆ ಒಡವೆ, ಉಡುಗೆ, ಊಟ. ಇವು ಬೇಡವೆಂದು ಯಾರೂ ಹೇಳರು. ಆದರೆ ಆ ಪ್ರಕರಣದಲ್ಲಿ ಆಕೆಯ ಮಾತಿಗೆ ಎಡೆಯಿಲ್ಲವೆಂಬುದನ್ನು ಗಮನಿಸಬೇಕು.

ಬೃಹದಾರಣ್ಯಕೋಪನಿಷತ್ತಿನಲ್ಲಿ ಕಾಣುವ ಗೌರವವು ಬೇರೆ ಬಗೆಯದು. ಜನಕನ ಸಭೆಯಲ್ಲಿ ಗಾರ್ಗಿಯು ಪ್ರಶ್ನೆಯ ಮೇಲೆ ಪ್ರಶ್ನೆಯನ್ನು ಕೇಳುತ್ತಿರಲು, ಅತಿಪ್ರಶ್ನೆ ಮಾಡಿದರೆ ತಲೆಯುದುರೀತೆಂದು ಯಾಜ್ಞವಲ್ಕ್ಯನು ಎಚ್ಚರಿಸುತ್ತಾನೆ, ಆಕೆ ಸುಮ್ಮನಾಗುತ್ತಾಳೆ. ಆದರೂ ಸ್ವಲ್ಪ ಹೊತ್ತಿನ ಮೇಲೆ ಅದೇ ಸಭೆಯಲ್ಲಿ ಮತ್ತೆ ಎದ್ದುನಿಂತು, ಎರಡು ಬಾಣಗಳನ್ನು ಹಿಡಿದು ಬಂದ ವೀರನಂತೆ ಎರಡು ಪ್ರಶ್ನೆಗಳನ್ನು ಹಿಡಿದು ಬಂದಿರುವೆನೆಂದು ನುಡಿದು, ಉತ್ತರವನ್ನು ಪಡೆದು, ವಾದದ ತೀರ್ಪನ್ನು ತಾನೇ ಸಭೆಗೆ ಹೇಳುತ್ತಾಳೆ. ಶ್ರುತಿಯು ಗಾರ್ಗಿಗೆ ಒಡವೆಯನ್ನು ಕೊಡಲಿಲ್ಲ; ಆಕೆಯ ಪ್ರಶ್ನೆಗಳನ್ನು, ತಡೆಹಿಡಿದ ಮಾತಿನೊಡನೆಯೇ, ಆಕೆಯ ಹೆಸರಿನಲ್ಲಿ ಉಳಿಸಿತು.

ಈ ಎರಡನೆಯ ಬಗೆಯ ಸಂಮಾನವನ್ನು ಒಬ್ಬ ಸ್ತ್ರೀಯು ತನಗಿಂತ ಸುಮಾರು ನೂರೈವತ್ತು ವರ್ಷ ಹಿಂದಿನ ಮತ್ತೊಬ್ಬ ಸ್ತ್ರೀಗೆ ಸಲ್ಲಿಸಿದ ಸಂಗತಿಯೊಂದು ನಮಗೆ ಸಮೀಪದ ಕಾಲದಲ್ಲಿಯೇ ನಡೆದಿದೆ. ಸಲ್ಲಿಸಿದವರು ಕನ್ನಡನಾಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು. ಸ್ವೀಕರಿಸಿದವಳು ತಂಜಾವೂರಿನ ತೆಲುಗು ಕವಯಿತ್ರಿ ಮುದ್ದುಪಳನಿ. ಅದರ ವಿಚಾರವನ್ನು ವಿದ್ವಜ್ಜನರ ಮುಂದಿಡುವುದೇ ಈ ಲೇಖನದ ಉದ್ದೇಶ.

೨

ಮುದ್ದುಪಳನಿಯು ತಂಜಾವೂರಿನ ಮರಾಠಾ ದೊರೆ ಪ್ರತಾಪಸಿಂಹನ (೧೭೩೯–೧೭೬೩) ಆಸ್ಥಾನಕ್ಕೆ ಸೇರಿದವಳು. ನೃತ್ಯಗೀತಗಳನ್ನು ವೃತ್ತಿಯಾಗಿ ಉಳ್ಳ ಗಣಿಕಾಕುಲದಲ್ಲಿ ಹುಟ್ಟಿದವಳು. ಈಕೆ ರಚಿಸಿದ ‘ರಾಧಿಕಾಸಾಂತ್ವನಮು’ ಎಂಬುದು ನಾಲ್ಕು ಆಶ್ವಾಸಗಳ ಶೃಂಗಾರಪ್ರಬಂಧ. ಆಂಡಾಳ್ ದೇವಿಯ ತಿರುಪ್ಪಾವೈ ಪ್ರಬಂಧವನ್ನೂ ಈಕೆ ತೆನುಗಿಸಿದ್ದಾಳೆ.

ಪ್ರಬಂಧದ ವಸ್ತುವು ಸರಳವಾದುದು. ರಾಧೆಯು ತಾನೇ ಸಾಕಿ ಬೆಳೆಸಿದ ಇಳೆಯೆಂಬ ಕನ್ನೆಯನ್ನು ಕೃಷ್ಣನಿಗೆ ಮದುವೆ ಮಾಡಿಕೊಡುತ್ತಾಳೆ. ಆ ಬಳಿಕ ಇನಿಯನ ಅಗಲಿಕೆಯನ್ನು ಸೈರಿಸಲಾರದೆ ನೋಯುತ್ತಾಳೆ, ಮುನಿಯುತ್ತಾಳೆ. ಕಡೆಯಲ್ಲಿ ಕೃಷ್ಣನು ಬಂದು ಆಕೆಯನ್ನು ಸಂತೈಸುತ್ತಾನೆ. ಖಂಡಿತೆ, ವಿರಹೋತ್ಕಂಠಿತೆ ಮೊದಲಾದ ನಾಯಿಕಾಭೇದಗಳನ್ನು ಬಲ್ಲವರಿಗೆ ಈ ಸಂವಿಧಾನದಲ್ಲಿ ಅಪೂರ್ವವೆನ್ನುವಂತಹುದು ತೋರದಿರಬಹುದು. ಅಪೂರ್ವತೆಯಿರುವುದು ದೃಷ್ಟಿಯಲ್ಲಿ. ಇಲ್ಲಿ ನಾಯಿಕೆಯು ನಾಯಕನ ಸುಖಕ್ಕೆ ಸಾಮಗ್ರಿಯಲ್ಲ; ಇಚ್ಛೆಯೂ ಕೋಪವೂ ಆಕೆಯವು, ಸಾಂತ್ವನವನ್ನು ಪಡೆಯುವ ಅಧಿಕಾರವೂ ಆಕೆಯದು. ಗ್ರಂಥದ ಹೆಸರೇ ಇದನ್ನು ಸೂಚಿಸುತ್ತದೆ.

ಪೀಠಿಕೆಯು ಇನ್ನೂ ಗಮನಾರ್ಹವಾದುದು. ಪ್ರಬಂಧಗಳ ಆದಿಯಲ್ಲಿ ಕವಿಗಳು ತಂದೆ ತಾತಂದಿರ ವಂಶವನ್ನು ವರ್ಣಿಸುವುದು ವಾಡಿಕೆಯಷ್ಟೆ. ಮುದ್ದುಪಳನಿಯು ತಾಯಿಯನ್ನೂ ಅಜ್ಜಿ ತಂಜನಾಯಕಿಯನ್ನೂ ಹೇಳಿ ಸ್ತ್ರೀಪರಂಪರೆಯಲ್ಲಿ ತನ್ನ ವಂಶವನ್ನು ನಿರೂಪಿಸುತ್ತಾಳೆ. ತಾನು ವಿದ್ವಾಂಸರಿಗೆ ಧನಕನಕಗಳನ್ನಿತ್ತು ಗೌರವಿಸಿದುದನ್ನೂ, ತನಗೆ ಕೃತಿಗಳು ಅಂಕಿತವಾದುದನ್ನೂ ಸಂಕೋಚವಿಲ್ಲದೆ ಹೇಳಿಕೊಳ್ಳುತ್ತಾಳೆ. ವಿದ್ವಾಂಸರನ್ನು ಸಂಮಾನಿಸಿದ ಈಕೆಯನ್ನು ಮುಂದಿನ ವಿದ್ವಾಂಸರು ಹೇಗೆ ಸಂಮಾನಿಸಿದರೆಂಬುದನ್ನು ಇನ್ನು ನೋಡೋಣ.

೩

ಈ ಪ್ರಬಂಧವು ಪೈಡಿಪಾಟಿ ವೆಂಕಟನರಸು ಎಂಬವರಿಂದ ೧೮೮೭ರಲ್ಲಿ ಅಚ್ಚಾಗಿ, ೧೯೦೭ರಲ್ಲಿ ಪುನರ್ಮುದ್ರಿತವಾಯಿತು. ಆ ಮುದ್ರಣದಲ್ಲಿ ಕೆಲವು ಪದ್ಯಗಳು ಬಿಟ್ಟುಹೋಗಿದ್ದುವು. ಕವಯಿತ್ರಿಯು ತನ್ನ ಸ್ಥಿತಿಗತಿಗಳನ್ನು ಹೇಳಿಕೊಂಡಿರುವ ಪೀಠಿಕೆಯೂ ಬಿಟ್ಟುಹೋಗಿದ್ದಿತು. ಶೃಂಗಾರವು ಮಿತಿಮೀರಿತೆಂದು ಪದ್ಯಗಳನ್ನು ಬಿಡುವುದಕ್ಕೆ ಒಂದು ಕಾರಣವನ್ನಾದರೂ ಹೇಳಬಹುದು. ವಂಶಾವಳಿಯಲ್ಲಿ ಅಶ್ಲೀಲವೇನಿದೆ? ಅಜ್ಜಿಯ ಹೆಸರಿನಲ್ಲಿ ಗ್ರಾಮ್ಯದೋಷವೇನಿದೆ? ಪದ್ಯಗಳ ಲೋಪದಿಂದ ಕಾವ್ಯವು ಕುಂದಿತು. ಪೀಠಿಕೆಯ ಲೋಪದಿಂದ ಕವಿಯೇ ಮರೆಯಾದಳು.

ಎರಡನೆಯ ಪೆಟ್ಟು ಬಿದ್ದುದು ಒಬ್ಬ ಮಹನೀಯರ ಕೈಯಿಂದ. ಕಂದುಕೂರಿ ವೀರೇಶಲಿಂಗಂ ಪಂತುಲು ಅವರು (೧೮೪೮–೧೯೧೯) ಆಂಧ್ರದೇಶದ ಸಮಾಜಸಂಸ್ಕಾರಕರಲ್ಲಿ ಅಗ್ರಗಣ್ಯರು. ಬಾಲಿಕೆಯರಿಗೆ ಪಾಠಶಾಲೆಯನ್ನು ತೆರೆದವರು. ೧೮೮೧ರಲ್ಲಿ ರಾಜಮಹೇಂದ್ರಿಯಲ್ಲಿ ವಿಧವಾವಿವಾಹವನ್ನು ನಡೆಯಿಸಿ ಬಹಿಷ್ಕಾರಾದಿ ಕಷ್ಟಗಳನ್ನು ಸಹಿಸಿದವರು. ಸ್ತ್ರೀಯರ ಮಿತ್ರರೆಂಬುದರಲ್ಲಿ ಸಂದೇಹವಿಲ್ಲ. ಅಂತಹವರು ತಮ್ಮ ಆಂಧ್ರಕವಿಗಳ ಚರಿತ್ರೆಯಲ್ಲಿ ಮುದ್ದುಪಳನಿಯ ಪಾಂಡಿತ್ಯವನ್ನು ಒಪ್ಪಿಕೊಂಡರೂ, ಈ ಗ್ರಂಥದಲ್ಲಿ ಸ್ತ್ರೀಯ ಬಾಯಿಂದ ಬರಬಾರದ, ಸ್ತ್ರೀಯ ಕಿವಿಗೆ ಬೀಳಬಾರದ ಮಾತುಗಳಿವೆಯೆಂದು ನಿಂದಿಸಿದರು. ಸ್ತ್ರೀಯು ಓದಬೇಕೆಂದು ಜೀವವನ್ನು ತೇದವರೇ ಸ್ತ್ರೀಯು ಬರೆದುದನ್ನು ಓದಬಾರದೆಂದರು. ಇದರಲ್ಲಿ ಕಪಟವಿಲ್ಲ, ಆ ಕಾಲದ ಸಂಸ್ಕಾರಕರು ಮನಸ್ಸಿನಲ್ಲಿ ಕಲ್ಪಿಸಿಕೊಂಡಿದ್ದ ವಿದ್ಯಾವತಿಯ ಚಿತ್ರದಲ್ಲಿ ಮುದ್ದುಪಳನಿಯಂತಹವಳಿಗೆ ಎಡೆಯಿರಲಿಲ್ಲವೆಂಬುದು ಮಾತ್ರ ತೋರಿಬರುತ್ತದೆ.

೪

ನಾಗರತ್ನಮ್ಮನವರು ೧೮೭೮ರಲ್ಲಿ ನಂಜನಗೂಡಿನಲ್ಲಿ ಜನಿಸಿದರು. ತಾಯಿ ಪುಟ್ಟಲಕ್ಷ್ಮಮ್ಮ, ದೇವದಾಸೀಕುಲ. ಬಾಲ್ಯದಲ್ಲಿ ಮೈಸೂರಿನಲ್ಲಿ ಸಂಸ್ಕೃತಾಭ್ಯಾಸವೂ, ಬೆಂಗಳೂರಿನಲ್ಲಿ ಮುನಿಸ್ವಾಮಪ್ಪನವರಲ್ಲಿ ಸಂಗೀತಾಭ್ಯಾಸವೂ ನಡೆಯಿತು. ಕನ್ನಡ, ತೆಲುಗು, ಸಂಸ್ಕೃತಗಳಲ್ಲಿ ಪರಿಶ್ರಮವನ್ನು ಪಡೆದು, ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮದರಾಸಿನಲ್ಲಿ ನೆಲಸಿ, ಗಾಯಕಿಯೆಂದು ಧನವನ್ನೂ ಕೀರ್ತಿಯನ್ನೂ ಸಂಪಾದಿಸಿದರು. ಶ್ರೀ ತ್ಯಾಗರಾಜರನ್ನು ಕುರಿತು ಸಂಸ್ಕೃತದಲ್ಲಿ ಅಷ್ಟೋತ್ತರಶತನಾಮಾವಳಿಯನ್ನು ರಚಿಸುವಷ್ಟು ವ್ಯುತ್ಪತ್ತಿ ಅವರಿಗಿದ್ದಿತು.

ರಾಧಿಕಾಸಾಂತ್ವನದ ಪ್ರಶಂಸೆಯನ್ನು ಒಂದೆಡೆ ಓದಿ, ಗ್ರಂಥವನ್ನು ಹುಡುಕಿ, ಅಚ್ಚಿನ ಪ್ರತಿಯೊಂದನ್ನು ಪಡೆದರು. ಆ ಬಳಿಕ ಹಸ್ತಪ್ರತಿಯೂ ದೊರೆಯಿತು. ಎರಡನ್ನೂ ಎದುರುಬದುರಾಗಿಟ್ಟು ನೋಡಿದಾಗ ಅಚ್ಚಿನಲ್ಲಿ ಬಿಟ್ಟುಹೋದುದೇನೆಂಬುದು ಬೆಳಕಿಗೆ ಬಂದಿತು. ಬಿಟ್ಟ ಪದ್ಯಗಳನ್ನೂ ಬಿಟ್ಟ ಪೀಠಿಕೆಯನ್ನೂ ಸೇರಿಸಿ, ತಮ್ಮ ಮುನ್ನುಡಿಯೊಡನೆ, ೧೯೧೦ರಲ್ಲಿ ಮದರಾಸಿನ ವಾವಿಳ್ಳ ರಾಮಸ್ವಾಮಿ ಶಾಸ್ತ್ರುಲು ಅಂಡ್ ಸನ್ಸ್ ಅವರ ಮೂಲಕ ಪ್ರಕಟಿಸಿದರು.

ಗ್ರಂಥಸಂಪಾದನೆಯ ಕ್ರಮವನ್ನು ಬಲ್ಲವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಪ್ರತಿಗಳ ಸಂಗ್ರಹ, ಪಾಠಗಳ ತಾರತಮ್ಯಪರೀಕ್ಷೆ, ಲುಪ್ತಭಾಗದ ಪೂರಣ, ಮುನ್ನುಡಿಯಲ್ಲಿ ಪೂರ್ವವಿಮರ್ಶಕರ ಮತದ ಪರಾಮರ್ಶೆ: ನಾವು ಪರಿಷತ್ತುಗಳಲ್ಲಿಯೂ ವಿಶ್ವವಿದ್ಯಾನಿಲಯಗಳಲ್ಲಿಯೂ ಕಲಿತುಮಾಡುವುದನ್ನು ಅವರು ಯಾವ ಪೀಠದ ಬೆಂಬಲವೂ ಇಲ್ಲದೆ ಮಾಡಿದರು. ತಮ್ಮ ಕುಲದವಳೇ ಆದ ಕವಯಿತ್ರಿಯ ಪಕ್ಷವನ್ನು ವಹಿಸಿದರೆ ತಮ್ಮ ಹೆಸರಿಗೂ ಅದೇ ನಿಂದೆ ತಗಲುವುದೆಂಬುದು ಅವರಿಗೆ ತಿಳಿಯದ ಸಂಗತಿಯಲ್ಲ. ನಿಂದೆ ತಗಲಿಯೂ ತಗಲಿತು: ಬರೆದವಳೂ ವೇಶ್ಯೆ, ಪ್ರಕಟಿಸಿದವಳೂ ವೇಶ್ಯೆ ಎಂಬರ್ಥದ ಮಾತು ಪತ್ರಿಕೆಯಲ್ಲಿಯೇ ಬಂದಿತು.

ಪಂತುಲುಗಾರರ ಆಕ್ಷೇಪಕ್ಕೆ ಅವರಿತ್ತ ಉತ್ತರವು ತರ್ಕಶುದ್ಧವಾದುದು. ಅದರ ಸಾರವಿಷ್ಟು. ಲಜ್ಜೆಯು ಸ್ತ್ರೀಯರಿಗೆ ಮಾತ್ರ ಸಹಜವೋ, ಪುರುಷರಿಗೂ ಉಂಟೋ? ಉಂಟೆನ್ನುವುದಾದರೆ, ಇದಕ್ಕಿಂತ ಬಿಚ್ಚಿ ವರ್ಣಿಸಿದ ಪುರುಷಕವಿಗಳೂ ದೋಷಿಗಳಾಗಬೇಕು. ಅವರು ದೋಷಿಗಳಲ್ಲದಿದ್ದರೆ ಈಕೆಯೂ ಅಲ್ಲ. ಅದೇ ವಿಮರ್ಶಕರು ಸಮ್ಮತಿಸಿದ ‘ವೈಜಯಂತೀವಿಲಾಸ’ವೇ ಮೊದಲಾದ ಕಾವ್ಯಗಳಲ್ಲಿ ಇಂತಹ ವರ್ಣನೆಗಳಿಲ್ಲವೆ? ಇದರಲ್ಲಿ ಸ್ತ್ರೀಗೆ ವಿಶೇಷವಾದ ರಿಯಾಯಿತಿಯನ್ನು ಬೇಡಿದುದಿಲ್ಲ. ಲಕ್ಷಣವು ಒಂದಾದರೆ ಲಕ್ಷ್ಯದಲ್ಲಿ ಪಕ್ಷಪಾತ ಕೂಡದೆಂಬ, ಶಾಸ್ತ್ರಜ್ಞರೆಲ್ಲರೂ ಒಪ್ಪಬೇಕಾದ ನಿಯಮವನ್ನೇ ಹೇಳಿದುದು.

ಈ ವಾದವನ್ನು ಮೊದಲು ಓದಿದಾಗ ಲೇಖಕನಿಗೆ ತನ್ನ ಪಾಠಶಾಲೆಯ ದಿನಗಳು ನೆನಪಾದುವು. ಕುಮಾರಸಂಭವದ ಎಂಟನೆಯ ಸರ್ಗವನ್ನು ಮಲ್ಲಿನಾಥನ ವ್ಯಾಖ್ಯಾನದೊಡನೆ ನಾವು ಓದಿದೆವು. ಜಗತ್ತಿನ ತಾಯಿತಂದೆಗಳ ಸಂಭೋಗವರ್ಣನೆಯಲ್ಲಿ ಸಮಾಸಗಳನ್ನು ಬಿಡಿಸಿದೆವು, ಅಲಂಕಾರಗಳನ್ನು ಹೆಸರಿಸಿದೆವು. ಅದು ಉಚಿತವೋ ಅನುಚಿತವೋ ಎಂದು ಆಲಂಕಾರಿಕರು ನಡೆಸಿದ ಚರ್ಚೆಯನ್ನೂ ಕೇಳಿದೆವು. ಕಾಳಿದಾಸನನ್ನು ಓದಬಾರದೆಂದು ಯಾರೂ ಹೇಳಲಿಲ್ಲ. ಔಚಿತ್ಯವಿಚಾರವು ಗ್ರಂಥವನ್ನು ಮುಂದಿಟ್ಟುಕೊಂಡು ನಡೆಯತಕ್ಕುದು, ಮುಚ್ಚಿಟ್ಟು ನಡೆಯತಕ್ಕುದಲ್ಲವೆಂಬುದು ನಮ್ಮ ಸಂಪ್ರದಾಯವೇ. ಮುದ್ದುಪಳನಿಗೆ ನಿರಾಕರಿಸಲ್ಪಟ್ಟುದು ಈ ಸಾಮಾನ್ಯ ನ್ಯಾಯವು.

೫

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ೧೯೧೧ರಲ್ಲಿ ಮದರಾಸಿನ ಪೋಲೀಸರು ಪುಸ್ತಕದ ಪ್ರತಿಗಳನ್ನು ವಶಪಡಿಸಿಕೊಂಡರು. ಅಶ್ಲೀಲ ಗ್ರಂಥವನ್ನು ಪ್ರಕಟಿಸಿದರೆಂಬ ಆರೋಪವು ಪ್ರಕಾಶಕರ ಮೇಲೆ ಬಂದಿತು. ಪಂಡಿತರು ಅನೇಕರು ಸರಕಾರಕ್ಕೆ ವಿಜ್ಞಾಪನೆ ಮಾಡಿಕೊಂಡರೂ ಪ್ರಯೋಜನವಾಗಲಿಲ್ಲ, ಗ್ರಂಥವು ನಿಷಿದ್ಧವಾಯಿತು. ೧೯೨೭ರಲ್ಲಿ ಪ್ರಕಾಶಕರ ಅಂಗಡಿಯ ಶೋಧನೆ ಮತ್ತೆ ನಡೆಯಿತು. ಟಂಗುಟೂರಿ ಪ್ರಕಾಶಂ ಅವರ ಪ್ರಯತ್ನದಿಂದ ೧೯೪೭ರಲ್ಲಿ ನಿಷೇಧವು ತೆಗೆಯಲ್ಪಟ್ಟಿತು. ೧೯೫೨ರಲ್ಲಿ ವಾವಿಳ್ಳದವರ ಪುನರ್ಮುದ್ರಣವು ಹೊರಬಂದಿತು. ಅದೇ ವರ್ಷ ಮೇ ೧೯ರಂದು ನಾಗರತ್ನಮ್ಮನವರು ದಿವಂಗತರಾದರು.

ಈ ನಡುವೆ ಅವರು ಮತ್ತೊಂದು ಕಾರ್ಯದಲ್ಲಿ ತೊಡಗಿದ್ದರು. ಕಾವೇರೀತೀರದ ತಿರುವೈಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಯು ಪಾಳುಬಿದ್ದಿರುವುದನ್ನು ಬಿಡಾರಂ ಕೃಷ್ಣಪ್ಪನವರಿಂದ ಅರಿತು, ಸ್ವಾರ್ಜಿತ ದ್ರವ್ಯವನ್ನು ವ್ಯಯಮಾಡಿ, ೧೯೨೧ರಲ್ಲಿ ಕೆಲಸವನ್ನಾರಂಭಿಸಿ, ೧೯೨೬ರಲ್ಲಿ ಮಂದಿರದ ಪ್ರತಿಷ್ಠೆಯನ್ನು ನೆರವೇರಿಸಿದರು. ಆಗ ಎರಡು ಪಕ್ಷಗಳಾಗಿ ಒಡೆದು ನಡೆಯುತ್ತಿದ್ದ ಆರಾಧನೆಯಲ್ಲಿ ಸ್ತ್ರೀಯರು ಹಾಡಲು ಅವಕಾಶವಿರಲಿಲ್ಲ. ಮಂದಿರವನ್ನು ಕಟ್ಟಿಸಿದವರಿಗೇ ಅದರ ಮುಂದೆ ಹಾಡುವ ಅಧಿಕಾರವಿಲ್ಲ! ಅವರು ಜಗಳಕ್ಕೆ ನಿಲ್ಲದೆ, ಆದರೆ ಹಿಂಜರಿಯದೆ, ಗಾಯಕಿಯರನ್ನು ಕೂಡಿಸಿಕೊಂಡು ಮಂದಿರದ ಹಿಂಭಾಗದಲ್ಲಿ ಮೂರನೆಯ ಆರಾಧನೆಯನ್ನು ನಡೆಯಿಸಿದರು. ಜನರು ಅದನ್ನು ‘ಹೆಂಗಳ ಪಕ್ಷ’ವೆಂದು ಕರೆದರು. ೧೯೪೦ರ ಸುಮಾರಿಗೆ ಪಕ್ಷಗಳೆಲ್ಲವೂ ಒಂದಾದಾಗ ಸ್ತ್ರೀಯರ ಗಾನವೂ ಅಂಗೀಕೃತವಾಯಿತು. ೧೯೪೯ರಲ್ಲಿ ಅವರಿಗೆ ‘ತ್ಯಾಗಸೇವಾಸಕ್ತಾ’ ಎಂಬ ಬಿರುದು ಸಂದಿತು. ಇಂದು ಅವರ ಪ್ರತಿಮೆಯು ತ್ಯಾಗರಾಜರ ಸನ್ನಿಧಿಗೆ ಅಭಿಮುಖವಾಗಿ ಕುಳಿತಿದೆ.

ಪ್ರತಿಮೆ ಉಂಟು, ಬಿರುದು ಉಂಟು. ಆದರೆ ಸ್ಮರಣೆಯ ಪರಿಯನ್ನು ನೋಡಬೇಕು. ಅವರನ್ನು ಕುರಿತು ಮಾತನಾಡುವ ಹತ್ತು ಮಂದಿಯಲ್ಲಿ ಬಹುಮಂದಿ ಹೇಳುವುದು ಸಮಾಧಿಯ ಜೀರ್ಣೋದ್ಧಾರವನ್ನು, ಗ್ರಂಥೋದ್ಧಾರವನ್ನಲ್ಲ. ಲೇಖಕನು ಅನ್ಯರನ್ನು ದೂರುತ್ತಿಲ್ಲ. ತಿರುವೈಯ್ಯಾರಿಗೆ ಹೋಗಿದ್ದಾಗ ಜತೆಯಲ್ಲಿದ್ದ ವಿದ್ಯಾರ್ಥಿಗಳಿಗೆ ಆ ಪ್ರತಿಮೆಯನ್ನು ತೋರಿಸಿ, ಈ ಮಂದಿರವನ್ನು ಕಟ್ಟಿಸಿದ ತಾಯಿ ಇವರೇ ಎಂದು ಹೇಳಿ ಕೈಮುಗಿಸಿದನು, ೧೯೧೦ರ ಮಾತನ್ನೆತ್ತಲಿಲ್ಲ. ಎತ್ತಿದ್ದರೆ ಅದು ಯಾವ ಗ್ರಂಥವೆಂದು ಹುಡುಗರು ಕೇಳುತ್ತಿದ್ದರು. ಉತ್ತರ ಹೇಳಲು ನಾಲಗೆ ತಡವರಿಸುತ್ತಿದ್ದಿತು. ಭಕ್ತೆಯನ್ನು ವಂದಿಸುವುದು ಸುಲಭ. ಸಂಪಾದಕಿಯನ್ನು ವಂದಿಸಬೇಕಾದರೆ ಆಕೆ ಸಂಪಾದಿಸಿದುದನ್ನು ಓದಬೇಕಾಗುತ್ತದೆ. ವೆಂಕಟನರಸುಗಳು ಮುದ್ದುಪಳನಿಯ ಪೀಠಿಕೆಯನ್ನು ಬಿಟ್ಟರು. ನಾವು ನಾಗರತ್ನಮ್ಮನವರ ಮುನ್ನುಡಿಯನ್ನು ಬಿಟ್ಟೆವು. ಲೋಪದ ಜಾತಿ ಒಂದೇ.

೬

ಇಲ್ಲಿ ಪೂರ್ವಪಕ್ಷವೊಂದನ್ನು ವಿಚಾರಿಸಬೇಕು. ನಾಗರತ್ನಮ್ಮನವರನ್ನು ಸ್ತ್ರೀಸ್ವಾತಂತ್ರ್ಯದ ಪಕ್ಷಪಾತಿಯೆಂದು ಹೇಗೆ ಹೇಳುವುದು? ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ೧೯೨೭ರಲ್ಲಿ ಮದರಾಸಿನ ಶಾಸನಸಭೆಯಲ್ಲಿ ದೇವಾಲಯಗಳಿಗೆ ಬಾಲಿಕೆಯರನ್ನು ಅರ್ಪಿಸುವ ಪದ್ಧತಿಯು ನಿಲ್ಲಬೇಕೆಂದು ನಿರ್ಣಯವನ್ನು ತಂದಾಗ, ದೇವದಾಸಿಯರ ಸಂಘದ ಪರವಾಗಿ ಅದನ್ನು ವಿರೋಧಿಸಿದವರಲ್ಲಿ ಇವರೂ ಒಬ್ಬರಲ್ಲವೆ?

ಹೌದು. ಇದನ್ನು ಮರೆಮಾಚಿದರೆ ನಾವೂ ಪಾಠಲೋಪವನ್ನು ಮಾಡಿದಂತಾಗುತ್ತದೆ. ಮುತ್ತುಲಕ್ಷ್ಮಿಯವರ ತಾಯಿಯೂ ಅದೇ ಸಮುದಾಯಕ್ಕೆ ಸೇರಿದವರು. ೧೮೮೬ರಲ್ಲಿ ಪುದುಕೋಟೆಯಲ್ಲಿ ಹುಟ್ಟಿ, ಮದರಾಸಿನ ವೈದ್ಯಕಲಾಶಾಲೆಯಲ್ಲಿ ಓದಿ, ಆ ಶಾಸನಸಭೆಯ ಪ್ರಥಮ ಸದಸ್ಯೆಯೂ ಉಪಾಧ್ಯಕ್ಷೆಯೂ ಆದ ಅವರು, ಅರ್ಪಣೆಯೆಂಬ ಹೆಸರಿನಲ್ಲಿ ಅರಿಯದ ಮಕ್ಕಳ ಬಾಳು ಕೆಡುವುದನ್ನು ಕಂಡು ಮಾತನಾಡಿದವರು. ಎದುರುಪಕ್ಷದವರು ಹೇಳಿದುದೂ ನಿಸ್ಸಾರವಲ್ಲ: ಕಲೆಯನ್ನೂ ವಿದ್ಯೆಯನ್ನೂ ಆಸ್ತಿಯನ್ನೂ ಪರಂಪರೆಯಿಂದ ಪಡೆದ ಸ್ತ್ರೀಯರೆಲ್ಲರನ್ನೂ ಒಂದೇ ಹೀನನಾಮದಿಂದ ಕರೆಯಬೇಡಿರಿ, ನಮಗೆ ವಿದ್ಯಾಭ್ಯಾಸವನ್ನು ಕೊಡಿರಿ, ನಮ್ಮನ್ನು ಕೇಳದೆ ನಮ್ಮ ವಿಷಯವನ್ನು ತೀರ್ಮಾನಿಸಬೇಡಿರಿ, ಎಂಬುದು ಅದರ ತಾತ್ಪರ್ಯ.

ಕಾಲವು ಈ ವಿವಾದವನ್ನು ನಿರ್ಣಯಿಸಿದ ರೀತಿ ವಿಚಿತ್ರವಾಗಿದೆ. ದೇವದಾಸೀ ಸಮರ್ಪಣೆಯನ್ನು ನಿಷೇಧಿಸುವ ಮದರಾಸಿನ ಶಾಸನವು ಅಂಗೀಕೃತವಾದುದೂ ೧೯೪೭ರಲ್ಲಿಯೇ, ರಾಧಿಕಾಸಾಂತ್ವನದ ನಿಷೇಧವು ಹಿಂತೆಗೆಯಲ್ಪಟ್ಟುದೂ ೧೯೪೭ರಲ್ಲಿಯೇ. ಕರ್ಣಾಟಕದಲ್ಲಿಯೂ ೧೯೮೨ರಲ್ಲಿ ಅಂತಹುದೇ ಶಾಸನವು ಬೇಕಾಯಿತೆಂಬುದರಿಂದ ಮುತ್ತುಲಕ್ಷ್ಮಿಯವರು ತೋರಿಸಿದ ಕೇಡು ಕಲ್ಪಿತವಲ್ಲವೆಂಬುದು ಸಿದ್ಧವಾಗುತ್ತದೆ. ಸಮರ್ಪಣೆಯ ವಿಷಯದಲ್ಲಿ ಮುತ್ತುಲಕ್ಷ್ಮಿಯವರ ಪಕ್ಷವೇ ಬಲವಾದುದೆಂದು ಲೇಖಕನು ಭಾವಿಸುತ್ತಾನೆ. ಆದರೆ ಆ ಸ್ತ್ರೀಯರ ವಾಣಿಯು ಸಭೆಗೆ ಕೇಳಿಸಬೇಕೆಂಬ ವಿಷಯದಲ್ಲಿ ನಾಗರತ್ನಮ್ಮನವರ ಪಕ್ಷವನ್ನು ಖಂಡಿಸಲಾಗದು. ಒಬ್ಬರನ್ನು ಗೌರವಿಸಲು ಇನ್ನೊಬ್ಬರನ್ನು ಮರೆಯಬೇಕಾದ ಅಗತ್ಯವಿಲ್ಲ. ಧೀರರಾದವರು ಸದಾ ಒಂದೇ ಸಾಲಿನಲ್ಲಿ ನಿಲ್ಲುವರೆಂದು ಯಾವ ಶಾಸ್ತ್ರವೂ ಹೇಳಿಲ್ಲ.

೭

ಕನ್ನಡ ಸಾಹಿತ್ಯದ ಅಧ್ಯಾಪಕರಿಗೆ ಇದರಿಂದ ದೊರೆಯುವ ಪಾಠವನ್ನು ಒಂದು ಸಮೀಪದ ನಿದರ್ಶನದಿಂದ ಸ್ಪಷ್ಟಪಡಿಸಬಹುದು. ಚಿಕ್ಕದೇವರಾಜ ಒಡೆಯರ ಕಾಲದ ಸಂಚಿಯ ಹೊನ್ನಮ್ಮನನ್ನು ನಾವು ತಪ್ಪದೆ ಸಂಮಾನಿಸುತ್ತೇವೆ. ಹೆಣ್ಣೆಂದು ಜರೆಯುವವರನ್ನು ಆಕೆ ಪ್ರಶ್ನಿಸುವ ಒಂದು ಸಾಂಗತ್ಯವು ಸಭೆಸಭೆಗಳಲ್ಲಿ ಮೊಳಗುತ್ತದೆ. ‘ಹದಿಬದೆಯ ಧರ್ಮ’ದ ಉಳಿದ ಭಾಗವನ್ನು ಓದಿದವರೆಷ್ಟು ಮಂದಿ? ಆ ಕಾವ್ಯವು ಬಹುಭಾಗ ಪತಿವ್ರತೆಯ ಕರ್ತವ್ಯಗಳನ್ನು ಬೋಧಿಸತಕ್ಕುದು. ಅಂತಹ ಬೋಧನೆಯ ನಡುವೆಯೇ ಹೆಣ್ಣಿನ ಪರವಾದ ಆ ದನಿಯು ಏಳುತ್ತದೆಂಬುದು ಆಲೋಚಿಸತಕ್ಕ ವಿಷಯ. ಇಂದಿನ ನಮಗೆ ಹಿತವಾದ ಪದ್ಯವೊಂದನ್ನು ಆಯ್ದು, ಹಿತವಲ್ಲದುದನ್ನು ಬಿಟ್ಟರೆ, ಹೊನ್ನಮ್ಮನ ಹೆಸರಿನಲ್ಲಿ ನಮ್ಮ ಮಾತನ್ನೇ ನಾವು ಕೇಳಿಕೊಂಡಂತಾಗುವುದು. ಮುದ್ದುಪಳನಿಯಲ್ಲಿ ಒಪ್ಪದುದನ್ನು ಕತ್ತರಿಸಿ ತೆಗೆದರು. ಹೊನ್ನಮ್ಮನಲ್ಲಿ ಒಪ್ಪಿದುದನ್ನು ಕತ್ತರಿಸಿ ತೆಗೆದುಕೊಂಡೆವು. ಕತ್ತರಿಯು ಒಂದೇ.

ಆದುದರಿಂದ ಧೀರವನಿತೆಯರ ಸಂಮಾನವು ವಿದ್ವಾಂಸರ ಪಾಲಿಗೆ ಮೊದಲು ಪಾಠದ ಪ್ರಶ್ನೆ, ಆಮೇಲೆ ಪ್ರಶಸ್ತಿಯ ಪ್ರಶ್ನೆ. ಅವರು ಬರೆದುದನ್ನು ಪೀಠಿಕೆಯಿಂದ ಫಲಶ್ರುತಿಯವರೆಗೆ ಇದ್ದಂತೆ ಮುದ್ರಿಸಬೇಕು. ಅದನ್ನು ಉಳಿಸಿಕೊಟ್ಟವರ ಹೆಸರನ್ನು ಹೇಳಬೇಕು. ಅವರನ್ನು ವಿರೋಧಿಸಿದವರ ವಾದವನ್ನೂ, ಅವರೇ ವಿರೋಧಿಸಿದವರ ವಾದವನ್ನೂ ಪಕ್ಕದಲ್ಲಿಟ್ಟು ವಿದ್ಯಾರ್ಥಿಗಳಿಗೆ ತೋರಿಸಬೇಕು. ಔಚಿತ್ಯವನ್ನು ಕುರಿತು ಶಂಕೆಯಿದ್ದರೆ ಗ್ರಂಥವನ್ನು ತೆರೆದಿಟ್ಟುಕೊಂಡೇ ಚರ್ಚಿಸಬೇಕು. ತೆಲುಗು ಲಿಪಿಯು ಕನ್ನಡ ಲಿಪಿಗೆ ಅಕ್ಕನೋ ತಂಗಿಯೋ ಆಗಿರುವುದರಿಂದ, ರಾಧಿಕಾಸಾಂತ್ವನದ ಪೀಠಿಕೆಯ ಪದ್ಯಗಳನ್ನಾದರೂ ಕನ್ನಡ ಅಕ್ಷರಗಳಲ್ಲಿ ಬರೆದು ಉನ್ನತ ತರಗತಿಗಳಲ್ಲಿ ಪಾಠ ಹೇಳುವುದು ಅಸಾಧ್ಯವಲ್ಲ. ತನ್ನ ಅಜ್ಜಿಯ ಹೆಸರನ್ನು ಮುದ್ದುಪಳನಿಯು ಹೇಳಿಕೊಂಡ ಪದ್ಯವನ್ನು ನಂಜನಗೂಡಿನ ಹೆಣ್ಣುಮಗಳೊಬ್ಬಳು ಮತ್ತೆ ಬೆಳಕಿಗೆ ತಂದಳೆಂಬುದನ್ನು ನಮ್ಮ ಹೆಣ್ಣುಮಕ್ಕಳು ಅರಿಯುವುದು ಬೇಡವೆ?

ಮುಂದೆ ತಿರುವೈಯ್ಯಾರಿಗೆ ಹೋಗುವ ಯೋಗವುಂಟಾದರೆ, ಈ ಲೇಖಕನು ಆ ಪ್ರತಿಮೆಯ ಮುಂದೆ ವಿದ್ಯಾರ್ಥಿಗಳನ್ನು ನಿಲ್ಲಿಸಿ ಮೊದಲು ಹೇಳುವುದು ಪುಸ್ತಕದ ವಿಷಯವನ್ನು; ಮಂದಿರದ ವಿಷಯವನ್ನು ಆಮೇಲೆ.